ಕಡಿಮೆ ಬೆಲೆಯ ಲೆಕ್ಕಾಚಾರ: ಆಮ್‌ಸ್ಟ್ರಾಡ್ ಬ್ರಾಂಡಿನ ಏಳುಬೀಳು

ಗೃಹಬಳಕೆಯ ಎಲೆಕ್ಟ್ರಾನಿಕ್ಸ್ ವಸ್ತುಗಳ ವ್ಯಾಪಾರದಲ್ಲಿ ಕಡಿಮೆ ಬೆಲೆಗೆ ಮಾರುವವರಿಗೆ ಎಂದೂ ಕೊರತೆಯಿಲ್ಲ. ಪ್ರತಿಸ್ಪರ್ಧಿಗಿಂತ ನೂರು ರೂಪಾಯಿ ಇಳಿಸಿ ಮಾರಿದ ವರ್ತಕನಿಗೆ, ನೂರೈವತ್ತು ಇಳಿಸಿ ಮಾರುವ ಇನ್ನೊಬ್ಬ ವರ್ತಕ ಕೆಲವೇ ದಿನಗಳಲ್ಲಿ ಎದುರಾಗುತ್ತಾನೆ. ಹೀಗೆ ತನ್ನ ಲಾಭವನ್ನೇ ಬಿಟ್ಟುಕೊಟ್ಟು ಗಳಿಸಿದ ಮಾರುಕಟ್ಟೆ ಬಹುಕಾಲ ಕೈಯಲ್ಲಿ ನಿಲ್ಲುವುದಿಲ್ಲ. ಆದರೆ ಲಾಭವನ್ನು ಉಳಿಸಿಕೊಂಡು, ವಸ್ತುವಿನ ರಚನೆಯಲ್ಲಿಯೇ ವೆಚ್ಚವನ್ನು ತಗ್ಗಿಸಿ, ಜನಸಾಮಾನ್ಯರ ಕೈಗೆಟಕುವ ಬೆಲೆಗೆ ಮಾರಿದ ಉದ್ದಿಮೆಗಳೂ ಉಂಟು. ಬ್ರಿಟನ್ನಿನ ಆಮ್‌ಸ್ಟ್ರಾಡ್ ಅಂಥ ಉದ್ದಿಮೆಗಳಲ್ಲಿ ಪ್ರಮುಖವಾದುದು.

1968ರಲ್ಲಿ ಒಬ್ಬ ಯುವಕನ ಬಿಡಿ ವ್ಯಾಪಾರವಾಗಿ ಆರಂಭವಾದ ಈ ಸಂಸ್ಥೆಯ ಷೇರುಗಳ ಒಟ್ಟು ಮಾರುಕಟ್ಟೆ ಮೌಲ್ಯವು 1980ರ ದಶಕದ ಉತ್ತರಾರ್ಧದಲ್ಲಿ 120 ಕೋಟಿ ಪೌಂಡ್‌ಗಳನ್ನು ಮುಟ್ಟಿತ್ತು. 2007ರಲ್ಲಿ ಅದೇ ಹೆಸರಿನ ಕಂಪನಿಯು ಮಾರಾಟವಾದಾಗ ದೊರೆತ ಬೆಲೆ ಸುಮಾರು 12.5 ಕೋಟಿ ಪೌಂಡ್ ಮಾತ್ರ. ಈ ಏರಿಕೆಗೆ ಕಾರಣವಾದ ಕ್ರಮ ಯಾವುದು, ಇಳಿಕೆಗೆ ದಾರಿಯಾದ ದೌರ್ಬಲ್ಯ ಯಾವುದು ಎಂಬುದನ್ನು ತಿಳಿಯುವುದು ಸಣ್ಣ ತಯಾರಕರಿಗೂ ವರ್ತಕರಿಗೂ ಉಪಯುಕ್ತವಾಗಿದೆ.

ವ್ಯಾನಿನಿಂದ ಆರಂಭ

ಆಮ್‌ಸ್ಟ್ರಾಡ್‌ನ ಸಂಸ್ಥಾಪಕ ಆಲನ್ ಶುಗರ್ 1947ರಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿ ಪ್ರದೇಶದ ಶ್ರಮಿಕ ಕುಟುಂಬವೊಂದರಲ್ಲಿ ಜನಿಸಿದರು. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ತೊರೆದ ಅವರು, ತಮ್ಮ ಉಳಿತಾಯವಾದ 100 ಪೌಂಡ್‌ಗಳಲ್ಲಿ 50 ಪೌಂಡ್ ತೆತ್ತು ಹಳೆಯ ವ್ಯಾನೊಂದನ್ನು ಕೊಂಡು, ಕಾರಿನ ರೇಡಿಯೊ ಏರಿಯಲ್ ಹಾಗೂ ವಿದ್ಯುತ್ ಸಾಮಗ್ರಿಗಳನ್ನು ಅಂಗಡಿಯಿಂದ ಅಂಗಡಿಗೆ ಒಯ್ದು ಮಾರತೊಡಗಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸ್ಥಾಪಿಸಿದ ಕಂಪನಿಗೆ ಇಟ್ಟ ಹೆಸರು ಅವರದೇ ಹೆಸರಿನ ಸಂಕ್ಷಿಪ್ತ ರೂಪ. ಆಲನ್ ಮೈಕೆಲ್ ಶುಗರ್ ಎಂಬುದರ ಇಂಗ್ಲಿಷ್ ಆದ್ಯಕ್ಷರಗಳಿಗೆ ಟ್ರೇಡಿಂಗ್ ಎಂಬ ಪದದ ಮೊದಲ ಭಾಗವನ್ನು ಸೇರಿಸಿದಾಗ ಆಮ್‌ಸ್ಟ್ರಾಡ್ ಎಂದಾಯಿತು.

ಹೆಸರೇ ಸೂಚಿಸುವಂತೆ ಇದು ಮೂಲತಃ ವರ್ತಕ ಸಂಸ್ಥೆ, ತಯಾರಿಕಾ ಸಂಸ್ಥೆಯಲ್ಲ. ಅಂಗಡಿಯವರು ಯಾವ ವಸ್ತುವನ್ನು ಕೇಳುತ್ತಾರೆ, ಯಾವ ಬೆಲೆಗೆ ಕೇಳುತ್ತಾರೆ, ಎಲ್ಲಿ ಅವರಿಗೆ ಲಾಭಾಂಶ ಸಾಲದು ಎಂಬುದನ್ನು ಶುಗರ್ ಅಂಗಡಿಗಳ ಮುಂಗಟ್ಟೆಯಲ್ಲಿ ನಿಂತು ಕಲಿತರು. ಮುಂದೆ ಅವರು ತಯಾರಿಕೆಗೆ ಇಳಿದಾಗ, ಯಂತ್ರದ ಕಡೆಯಿಂದ ಯೋಚಿಸದೆ ಅಂಗಡಿಯ ಕಡೆಯಿಂದ ಯೋಚಿಸಿದ್ದಕ್ಕೆ ಈ ಅನುಭವವೇ ಆಧಾರವಾಯಿತು.

ಮುಚ್ಚಳ ಕಲಿಸಿದ ಪಾಠ

ಕಂಪನಿಯ ಮೊದಲ ತಯಾರಿಕೆ 1970ರಲ್ಲಿ ಆರಂಭವಾಯಿತು. ಅದು ರೇಡಿಯೊ ಅಲ್ಲ, ಆಂಪ್ಲಿಫೈಯರೂ ಅಲ್ಲ. ಗ್ರಾಮಫೋನ್ ತಟ್ಟೆ ತಿರುಗುವ ಟರ್ನ್‌ಟೇಬಲ್‌ಗೆ ಧೂಳು ಬೀಳದಂತೆ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳ. ಆ ಕಾಲದಲ್ಲಿ ಇಂಥ ಮುಚ್ಚಳಗಳನ್ನು ವ್ಯಾಕ್ಯೂಮ್ ಫಾರ್ಮಿಂಗ್ ವಿಧಾನದಲ್ಲಿ ತಯಾರಿಸಲಾಗುತ್ತಿತ್ತು. ಅಂದರೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಗಾಳಿಯನ್ನು ಹೀರಿ ಆಕಾರ ಕೊಟ್ಟು, ಅಂಚುಗಳನ್ನು ಕತ್ತರಿಸುವುದು. ಈ ವಿಧಾನದಲ್ಲಿ ಅಚ್ಚಿಗೆ ಹೆಚ್ಚು ಹಣ ಬೇಕಿಲ್ಲ. ಆದರೆ ಪ್ರತಿಯೊಂದು ಮುಚ್ಚಳಕ್ಕೂ ಸಮಯ, ಕೂಲಿ ಮತ್ತು ವ್ಯರ್ಥವಾಗುವ ಪ್ಲಾಸ್ಟಿಕ್ಕಿನ ವೆಚ್ಚ ಅಧಿಕ.

ಶುಗರ್ ಇಂಜೆಕ್ಷನ್ ಮೋಲ್ಡಿಂಗ್ ವಿಧಾನವನ್ನು ಆಯ್ದುಕೊಂಡರು. ಇದರಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಲಾಗುತ್ತದೆ. ಅಚ್ಚು ದುಬಾರಿ, ಆದರೆ ಒಮ್ಮೆ ಅಚ್ಚು ಸಿದ್ಧವಾದರೆ ಬಿಡಿ ಮುಚ್ಚಳದ ವೆಚ್ಚ ಅತ್ಯಲ್ಪ. ಇದರ ಲೆಕ್ಕವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಅಚ್ಚಿಗೆ 2 ಲಕ್ಷ ರೂಪಾಯಿ ತಗಲುವುದಾದರೆ, 2,000 ಮುಚ್ಚಳ ಮಾರುವವನಿಗೆ ಪ್ರತಿ ಮುಚ್ಚಳದ ಮೇಲೆ ಅಚ್ಚಿನ ಪಾಲು 100 ರೂಪಾಯಿ ಬೀಳುತ್ತದೆ. 50,000 ಮಾರುವವನಿಗೆ ಅದೇ ಪಾಲು 4 ರೂಪಾಯಿ ಮಾತ್ರ. ಹೀಗಾಗಿ ಈ ವಿಧಾನವನ್ನು ಆಯ್ಕೆ ಮಾಡುವವನು ಮೊದಲೇ ಒಂದು ಪ್ರಶ್ನೆಗೆ ಉತ್ತರ ಹೇಳಿಕೊಂಡಿರಬೇಕಾಗುತ್ತದೆ: ಇಷ್ಟು ಮಾಲು ಮಾರಾಟವಾಗುವುದೆಂಬ ಖಾತರಿ ಇದೆಯೇ?

ಅಂಗಡಿಗಳನ್ನು ಸುತ್ತಿ ಬೇಡಿಕೆಯ ಅಂದಾಜು ಹೊಂದಿದ್ದ ಶುಗರ್‌ಗೆ ಆ ವಿಶ್ವಾಸವಿತ್ತು. ಪ್ರತಿಸ್ಪರ್ಧಿಗಳು ಕೊಡಲಾಗದ ಬೆಲೆಗೆ ಮುಚ್ಚಳಗಳನ್ನು ಕೊಟ್ಟು, ಅದರಲ್ಲಿಯೂ ಲಾಭ ಗಳಿಸಿದರು. ಇಲ್ಲಿ ಬೆಲೆ ಇಳಿದದ್ದು ರಿಯಾಯಿತಿಯಿಂದಲ್ಲ, ತಯಾರಿಕಾ ವಿಧಾನದ ಬದಲಾವಣೆಯಿಂದ ಎಂಬುದು ಗಮನಾರ್ಹ. ಮುಂದಿನ ಇಪ್ಪತ್ತು ವರ್ಷಗಳ ಕಾಲ ಆಮ್‌ಸ್ಟ್ರಾಡ್ ನಡೆದದ್ದು ಇದೇ ದಾರಿಯಲ್ಲಿ.

ಒಂದೇ ಪೆಟ್ಟಿಗೆ, ಒಂದೇ ಪ್ಲಗ್

ಮುಚ್ಚಳದ ನಂತರ ಕಂಪನಿಯು ಆಂಪ್ಲಿಫೈಯರ್ ಮತ್ತು ರೇಡಿಯೊ ಟ್ಯೂನರ್‌ಗಳ ತಯಾರಿಕೆಗೆ ಇಳಿಯಿತು. ಆಗ ಬ್ರಿಟನ್ನಿನ ಸಂಗೀತಪ್ರಿಯರು ಆಂಪ್ಲಿಫೈಯರ್, ಟ್ಯೂನರ್, ಕ್ಯಾಸೆಟ್ ಡೆಕ್, ಟರ್ನ್‌ಟೇಬಲ್‌ಗಳನ್ನು ಬೇರೆಬೇರೆಯಾಗಿ ಕೊಂಡು ತಂತಿಗಳಿಂದ ಜೋಡಿಸಿಕೊಳ್ಳುತ್ತಿದ್ದರು. ಇದು ಹಣವಂತರ ಹಾಗೂ ತಾಂತ್ರಿಕ ಜ್ಞಾನವುಳ್ಳವರ ಹವ್ಯಾಸವಾಗಿತ್ತು. ಸಾಮಾನ್ಯ ಗ್ರಾಹಕನಿಗೂ ಒಂದರ ಮೇಲೊಂದು ಪೇರಿಸಿಟ್ಟ ಆ ಯಂತ್ರಗಳ ಗಾಂಭೀರ್ಯ ಬೇಕಿತ್ತು. ಆದರೆ ಬಿಡಿಬಿಡಿಯಾಗಿ ಆರಿಸುವ ತಿಳಿವಳಿಕೆಯಾಗಲಿ, ಅಷ್ಟು ಹಣವಾಗಲಿ ಅವನಲ್ಲಿರಲಿಲ್ಲ.

ಆಮ್‌ಸ್ಟ್ರಾಡ್ ಈ ಅಂತರವನ್ನು ಗುರುತಿಸಿತು. ಹೊರಗಿನಿಂದ ಪ್ರತ್ಯೇಕ ಘಟಕಗಳಂತೆ ಕಾಣುವ ಮುಂಫಲಕವನ್ನಿಟ್ಟು, ಒಳಗೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳವಡಿಸಿದ ಟವರ್ ಸಿಸ್ಟಮ್‌ಗಳನ್ನು ಅದು ಮಾರುಕಟ್ಟೆಗೆ ತಂದಿತು. ನಾಲ್ಕು ಪೆಟ್ಟಿಗೆಗಳ ಬದಲು ಒಂದು, ನಾಲ್ಕು ವಿದ್ಯುತ್ ಪೂರೈಕೆ ಘಟಕಗಳ ಬದಲು ಒಂದು, ನಾಲ್ಕು ಪ್ಲಗ್‌ಗಳ ಬದಲು ಒಂದು. ಗ್ರಾಹಕನ ಕಣ್ಣಿಗೆ ಕಾಣದ ಕಡೆಗಳಲ್ಲೆಲ್ಲ ವೆಚ್ಚವನ್ನು ಕಡಿತಗೊಳಿಸಿ, ಕಾಣುವ ಕಡೆಯಲ್ಲಿ ಉಳಿಸಿಕೊಳ್ಳಲಾಗಿತ್ತು. ಧ್ವನಿಯ ಗುಣಮಟ್ಟದ ಬಗ್ಗೆ ಪರಿಣತರು ಮೂಗುಮುರಿದರೂ, ಅಂಗಡಿಗಳಲ್ಲಿ ಮಾರಾಟ ಭರದಿಂದ ಸಾಗಿತು. 1980ರಲ್ಲಿ ಕಂಪನಿಯು ಲಂಡನ್ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಯಿತು.

ಗೃಹ ಕಂಪ್ಯೂಟರ್ ಮಾರುಕಟ್ಟೆಗೆ ಪ್ರವೇಶ

1980ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಮನೆಮನೆಗೂ ಕಂಪ್ಯೂಟರ್ ಎಂಬ ಉತ್ಸಾಹ ಹಬ್ಬಿತ್ತು. 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಬೆಲೆಯಲ್ಲಿ ಅಗ್ಗವಾಗಿತ್ತು. ಶಾಲೆಗಳಲ್ಲಿ ಮನ್ನಣೆ ಪಡೆದ ಬಿಬಿಸಿ ಮೈಕ್ರೊ ಬಿ ಮಾದರಿಗೆ 399 ಪೌಂಡ್ ಬೆಲೆಯಿತ್ತು. ಆದರೆ ಇವೆರಡರ ಬೆಲೆಯಲ್ಲಿಯೂ ಪರದೆ ಸೇರಿರಲಿಲ್ಲ. ಕೊಂಡವನು ಮನೆಯ ಟೆಲಿವಿಷನ್ನಿಗೆ ಅದನ್ನು ಜೋಡಿಸಿ, ಪ್ರೋಗ್ರಾಂಗಳನ್ನು ತುಂಬಲು ಪ್ರತ್ಯೇಕ ಕ್ಯಾಸೆಟ್ ರೆಕಾರ್ಡರನ್ನು ತಂತಿಯಿಂದ ಸೇರಿಸಬೇಕಾಗಿತ್ತು. ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತರೆ ಮನೆಯವರಿಗೆ ಟೆಲಿವಿಷನ್ ಇಲ್ಲ.

1984ರ ಏಪ್ರಿಲ್‌ನಲ್ಲಿ ಆಮ್‌ಸ್ಟ್ರಾಡ್ ಪ್ರಕಟಿಸಿದ ಸಿಪಿಸಿ 464 ಮಾದರಿಯು ಟವರ್ ಸಿಸ್ಟಮ್ಮಿನ ಸೂತ್ರವನ್ನೇ ಕಂಪ್ಯೂಟರಿಗೆ ಅನ್ವಯಿಸಿತು. ಕೀಲಿಮಣೆಯ ಪಕ್ಕದಲ್ಲಿಯೇ ಕ್ಯಾಸೆಟ್ ರೆಕಾರ್ಡರ್, ಜೊತೆಯಲ್ಲಿಯೇ ಮಾನಿಟರ್, ಮಾನಿಟರಿನ ಒಳಗೇ ಇಡೀ ಯಂತ್ರಕ್ಕೆ ಬೇಕಾದ ವಿದ್ಯುತ್ ಪೂರೈಕೆ ಘಟಕ, ಗೋಡೆಗೆ ಚುಚ್ಚಲು ಒಂದೇ ಪ್ಲಗ್. ಹಸಿರು ಪರದೆಯ ಮಾದರಿಗೆ 249 ಪೌಂಡ್, ಬಣ್ಣದ ಪರದೆಯ ಮಾದರಿಗೆ 359 ಪೌಂಡ್ ಬೆಲೆಯನ್ನು ನಿಗದಿಪಡಿಸಲಾಯಿತು.

ಈ ಯಂತ್ರದ ತಯಾರಿಯ ಕ್ರಮವೂ ವಿಶಿಷ್ಟವಾದುದು. ಸಾಮಾನ್ಯವಾಗಿ ಇಂಜಿನಿಯರುಗಳು ಸರ್ಕ್ಯೂಟನ್ನು ರೂಪಿಸಿದ ನಂತರ ಅದಕ್ಕೆ ತಕ್ಕ ಪೆಟ್ಟಿಗೆ ಸಿದ್ಧವಾಗುತ್ತದೆ, ಕೊನೆಯಲ್ಲಿ ಬೆಲೆ ನಿರ್ಧಾರವಾಗುತ್ತದೆ. ಆಮ್‌ಸ್ಟ್ರಾಡ್‌ನಲ್ಲಿ ಬೆಲೆ ಮತ್ತು ಹೊರರೂಪ ಮೊದಲು ನಿರ್ಧಾರವಾದವು. ಒಳಗಿನ ವಿನ್ಯಾಸವನ್ನು ವಹಿಸಿಕೊಂಡಿದ್ದ ಮೊದಲ ತಂಡಕ್ಕೆ ಕೆಲಸವನ್ನು ಪೂರೈಸಲಾಗದಿದ್ದಾಗ, ಹೊರಗಿನ ಸಣ್ಣ ತಾಂತ್ರಿಕ ಸಂಸ್ಥೆಗಳಿಗೆ ಅದನ್ನು ವಹಿಸಲಾಯಿತು. ಆಗಲೇ ಸಿದ್ಧವಾಗಿದ್ದ ಪೆಟ್ಟಿಗೆಯೊಳಗೆ ಹಿಡಿಸುವಂತೆ ಝಡ್80 ಪ್ರೊಸೆಸರ್ ಆಧಾರಿತ ಹೊಸ ವಿನ್ಯಾಸವನ್ನು ಅವು ರೂಪಿಸಿಕೊಟ್ಟವು. ತಯಾರಿಕೆಯನ್ನು ದಕ್ಷಿಣ ಕೊರಿಯದ ಓರಿಯನ್ ಕಂಪನಿಗೆ ಒಪ್ಪಿಸಲಾಯಿತು. ಬಿಡುಗಡೆಗೆ ಮೊದಲೇ ಸಾಫ್ಟ್‌ವೇರ್ ತಯಾರಕರಿಗೆ ಮಾದರಿ ಯಂತ್ರಗಳನ್ನು ಕೊಟ್ಟು, ಅಂಗಡಿಗೆ ಯಂತ್ರ ಬರುವ ವೇಳೆಗೆ ಅದಕ್ಕೆ ಬೇಕಾದ ಆಟಗಳೂ ಪ್ರೋಗ್ರಾಂಗಳೂ ದೊರೆಯುವಂತೆ ನೋಡಿಕೊಳ್ಳಲಾಯಿತು.

ಬ್ರಿಟನ್ ಮಾತ್ರವಲ್ಲದೆ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಲ್ಲಿಯೂ, ಷ್ನೈಡರ್ ಎಂಬ ಹೆಸರಿನಲ್ಲಿ ಜರ್ಮನಿಯಲ್ಲಿಯೂ ಈ ಸರಣಿ ಜನಪ್ರಿಯವಾಗಿ, ಒಟ್ಟು ಸುಮಾರು 30 ಲಕ್ಷ ಯಂತ್ರಗಳು ಮಾರಾಟವಾದವು. 1986ರ ಏಪ್ರಿಲ್‌ನಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ್ದ ಸಿಂಕ್ಲೇರ್‌ನ ಕಂಪ್ಯೂಟರ್ ಉತ್ಪನ್ನಗಳ ಹಕ್ಕನ್ನೂ ಬ್ರಾಂಡ್ ಹೆಸರನ್ನೂ ಆಮ್‌ಸ್ಟ್ರಾಡ್ 50 ಲಕ್ಷ ಪೌಂಡ್‌ಗಳಿಗೆ ಕೊಂಡಿತು. ಇಡೀ ಕಂಪನಿಯನ್ನು ಕೊಳ್ಳದೆ, ಮಾರಾಟವಾಗಬಲ್ಲ ವಸ್ತುವನ್ನೂ ಹೆಸರನ್ನೂ ಮಾತ್ರ ಕೊಂಡದ್ದರಲ್ಲಿ ವರ್ತಕನ ಜಾಣತನ ಕಾಣುತ್ತದೆ. ಅದೇ ವರ್ಷ ಸ್ಪೆಕ್ಟ್ರಮ್ಮಿಗೂ ಕ್ಯಾಸೆಟ್ ರೆಕಾರ್ಡರನ್ನು ಒಳಗೇ ಅಳವಡಿಸಿದ ಹೊಸ ಮಾದರಿ ಹೊರಬಂದಿತು.

ಬೆರಳಚ್ಚು ಯಂತ್ರದ ಸ್ಥಾನದಲ್ಲಿ

1985ರ ಸೆಪ್ಟೆಂಬರ್‌ನಲ್ಲಿ ಬಂದ ಪಿಸಿಡಬ್ಲ್ಯೂ 8256 ಕಡಿಮೆ ಬೆಲೆಯ ಸೂತ್ರವನ್ನು ಮನೆಯಿಂದ ಸಣ್ಣ ಕಚೇರಿಗೆ ಒಯ್ದಿತು. ಆಗ ಕಚೇರಿಗೆ ಕಂಪ್ಯೂಟರ್, ಮಾನಿಟರ್, ಪ್ರಿಂಟರ್ ಹಾಗೂ ವರ್ಡ್ ಪ್ರೊಸೆಸರ್ ಸಾಫ್ಟ್‌ವೇರ್ ಕೊಳ್ಳಬೇಕೆಂದರೆ ಸಾವಿರಾರು ಪೌಂಡ್‌ಗಳ ಮಾತಾಗಿತ್ತು. ಆಮ್‌ಸ್ಟ್ರಾಡ್ ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ತೆರಿಗೆ ಹೊರತುಪಡಿಸಿ 399 ಪೌಂಡ್‌ಗಳಿಗೆ ಕೊಟ್ಟಿತು. ಅದರ ಸ್ಪರ್ಧೆ ಐಬಿಎಂ ಕಂಪ್ಯೂಟರಿನೊಂದಿಗೆ ಇರಲಿಲ್ಲ. ಎಲೆಕ್ಟ್ರಾನಿಕ್ ಬೆರಳಚ್ಚು ಯಂತ್ರದೊಂದಿಗೆ ಇತ್ತು. ಲೇಖಕರು, ವಕೀಲರು, ಸಣ್ಣ ವ್ಯಾಪಾರಿಗಳು, ಸಂಘಸಂಸ್ಥೆಗಳು ಇದರ ಗ್ರಾಹಕರಾದರು. ಕತ್ತರಿಸು, ಅಂಟಿಸು, ಹುಡುಕು ಮೊದಲಾದ ಕೆಲಸಗಳ ಹೆಸರನ್ನು ಕೀಲಿಗಳ ಮೇಲೆಯೇ ಮುದ್ರಿಸಿದ್ದರಿಂದ, ಕಂಪ್ಯೂಟರನ್ನು ಎಂದೂ ಮುಟ್ಟದವರೂ ಕೆಲಸ ಕಲಿಯಬಹುದಾಗಿತ್ತು.

ಈ ಬೆಲೆ ಸಾಧ್ಯವಾದ ಬಗೆಯನ್ನು ಪ್ರಿಂಟರಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಸಾಮಾನ್ಯ ಪ್ರಿಂಟರಿನಲ್ಲಿ ತನ್ನದೇ ಆದ ನಿಯಂತ್ರಣ ಸರ್ಕ್ಯೂಟ್, ತನ್ನದೇ ಆದ ವಿದ್ಯುತ್ ಪೂರೈಕೆ ಇರುತ್ತದೆ. ಆಮ್‌ಸ್ಟ್ರಾಡ್ ತನ್ನ ಪ್ರಿಂಟರಿನ ನಿಯಂತ್ರಣ ಸರ್ಕ್ಯೂಟಿನ ಬಹುಭಾಗವನ್ನು ಕಂಪ್ಯೂಟರಿನ ಮುಖ್ಯ ಬೋರ್ಡಿಗೇ ಸೇರಿಸಿತು. ವಿದ್ಯುತ್ತನ್ನು ಮಾನಿಟರಿನಿಂದ ಕೊಟ್ಟಿತು. ಪ್ರಿಂಟರಿನಲ್ಲಿ ಉಳಿದದ್ದು ಯಾಂತ್ರಿಕ ಭಾಗಗಳು ಮಾತ್ರ.

ಇದಕ್ಕೆ ಗ್ರಾಹಕನು ತೆತ್ತ ಬೆಲೆಯೂ ಉಂಟು. ಆ ಪ್ರಿಂಟರನ್ನು ಬೇರೆ ಯಾವ ಕಂಪ್ಯೂಟರಿಗೂ ಜೋಡಿಸುವಂತಿರಲಿಲ್ಲ. ಅಂತೆಯೇ, ಉಳಿದ ತಯಾರಕರು 3.5 ಅಂಗುಲದ ಫ್ಲಾಪಿಯತ್ತ ಸಾಗುತ್ತಿದ್ದಾಗ ಆಮ್‌ಸ್ಟ್ರಾಡ್ 3 ಅಂಗುಲದ ಫ್ಲಾಪಿ ಡ್ರೈವನ್ನು ಬಳಸಿತು. ಆ ಅಳತೆಯ ಫ್ಲಾಪಿಗಳು ಬಳಕೆದಾರರಿಗೆ ದುಬಾರಿಯಾಗಿಯೇ ಉಳಿದವು. ಮೊದಲ ಖರೀದಿಯಲ್ಲಿ ಉಳಿಸಿದ ಹಣದ ಒಂದು ಭಾಗವನ್ನು ಗ್ರಾಹಕನು ಬಳಕೆಯ ಕಾಲದಲ್ಲಿ ಮರಳಿ ತೆತ್ತಂತಾಯಿತು. ಆದರೂ ಪಿಸಿಡಬ್ಲ್ಯೂ ಸರಣಿಯು 1990ರ ದಶಕದ ಉತ್ತರಾರ್ಧದವರೆಗೂ ಮಾರುಕಟ್ಟೆಯಲ್ಲಿ ಉಳಿದದ್ದು, ಗ್ರಾಹಕರು ಈ ಒಪ್ಪಂದಕ್ಕೆ ಸಮ್ಮತಿಸಿದ್ದರೆಂಬುದಕ್ಕೆ ಸಾಕ್ಷಿ.

ಫ್ಯಾನಿನ ವದಂತಿ

1986ರ ಸೆಪ್ಟೆಂಬರ್‌ನಲ್ಲಿ ಐಬಿಎಂಗೆ ಹೊಂದಿಕೊಳ್ಳುವ ಪಿಸಿ 1512 ಬಿಡುಗಡೆಯಾಯಿತು. ಅತ್ಯಂತ ಸರಳ ಮಾದರಿಯ ಬೆಲೆ ತೆರಿಗೆ ಹೊರತುಪಡಿಸಿ 399 ಪೌಂಡ್. ಈ ದರಕ್ಕೆ ಬ್ರಿಟನ್ನಿನಲ್ಲಿ ಅಂಥ ಯಂತ್ರವನ್ನು ಯಾವ ಪ್ರಸಿದ್ಧ ತಯಾರಕರೂ ಮಾರುತ್ತಿರಲಿಲ್ಲ. ಕೆಲವೇ ಸಮಯದಲ್ಲಿ ಆಮ್‌ಸ್ಟ್ರಾಡ್ ಯುರೋಪಿನ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಯ ಸುಮಾರು ಕಾಲುಭಾಗವನ್ನು ವಶಪಡಿಸಿಕೊಂಡಿತು.

ಈ ಹಂತದಲ್ಲಿ ಎದುರಾದ ಒಂದು ಸಣ್ಣ ತೊಡಕು ಅಗ್ಗದ ಬ್ರಾಂಡಿನ ಸ್ವಭಾವವನ್ನು ತೋರಿಸಿಕೊಡುತ್ತದೆ. ಪಿಸಿ 1512ರಲ್ಲಿ ಬಿಸಿ ಹೊರಹಾಕುವ ಫ್ಯಾನ್ ಇರಲಿಲ್ಲ. ವಿದ್ಯುತ್ ಪೂರೈಕೆ ಘಟಕವು ಮಾನಿಟರಿನೊಳಗೆ ಇದ್ದುದರಿಂದ ಅದರ ಅಗತ್ಯವೂ ಇಲ್ಲವೆಂಬುದು ಕಂಪನಿಯ ನಿಲುವಾಗಿತ್ತು. ಆದರೆ ಯಂತ್ರವು ಅತಿಯಾಗಿ ಕಾಯುತ್ತದೆಂಬ ವದಂತಿ ದೊಡ್ಡ ಕಚೇರಿಗಳ ಖರೀದಿದಾರರಲ್ಲಿ ಹಬ್ಬಿತು. ತಾಂತ್ರಿಕ ವಾದಗಳಿಂದ ಅದು ಅಡಗಲಿಲ್ಲ. ಕೊನೆಗೆ ಕಂಪನಿಯು ಯಂತ್ರಕ್ಕೆ ಫ್ಯಾನನ್ನು ಅಳವಡಿಸಿತು. ದುಬಾರಿ ಬ್ರಾಂಡಿನ ವಸ್ತುವಿನಲ್ಲಿ ಒಂದು ಭಾಗ ಇಲ್ಲದಿದ್ದರೆ ಗ್ರಾಹಕನು ಅದನ್ನು ಹೊಸ ತಂತ್ರವೆಂದು ಭಾವಿಸುತ್ತಾನೆ; ಅಗ್ಗದ ವಸ್ತುವಿನಲ್ಲಿ ಇಲ್ಲದಿದ್ದರೆ ಜಿಪುಣತನವೆಂದು ಶಂಕಿಸುತ್ತಾನೆ. ಫ್ಯಾನಿನ ವೆಚ್ಚವು ತಾಂತ್ರಿಕ ಅಗತ್ಯಕ್ಕಾಗಿ ಅಲ್ಲ, ನಂಬಿಕೆಗಾಗಿ ಮಾಡಿದ ವೆಚ್ಚವಾಗಿತ್ತು.

ಬಿಡಿಭಾಗಗಳ ಬಿಕ್ಕಟ್ಟು

1988ರ ಜೂನ್‌ಗೆ ಮುಗಿದ ವರ್ಷದಲ್ಲಿ ಆಮ್‌ಸ್ಟ್ರಾಡ್‌ನ ತೆರಿಗೆಪೂರ್ವ ಲಾಭ ಸುಮಾರು 16 ಕೋಟಿ ಪೌಂಡ್‌ಗಳಷ್ಟಿತ್ತು. ಮರುವರ್ಷವೇ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಇದಕ್ಕೆ ಹಲವು ಕಾರಣಗಳಿದ್ದರೂ ಅವುಗಳಲ್ಲಿ ಮುಖ್ಯವಾದ ಎರಡಕ್ಕೆ ಮೂಲ ಒಂದೇ. ಅದೆಂದರೆ, ಯಂತ್ರದ ಮುಖ್ಯ ಭಾಗಗಳು ಪರರ ಕೈಯಲ್ಲಿದ್ದುದು.

1988ರಲ್ಲಿ ಜಗತ್ತಿನಾದ್ಯಂತ ಮೆಮೊರಿ ಚಿಪ್‌ಗಳ ಅಭಾವ ಉಂಟಾಗಿ ಬೆಲೆ ಏರಿತು. ಬೆಲೆಯನ್ನು ಮೊದಲೇ ನಿಗದಿಪಡಿಸಿ ಆಮೇಲೆ ವೆಚ್ಚವನ್ನು ಹೊಂದಿಸುವ ಕಂಪನಿಗೆ ಇಂಥ ಏರಿಕೆ ಎರಡು ಕಡೆಯಿಂದಲೂ ಬಾಧಕ. ಬೆಲೆಯನ್ನು ಏರಿಸಿದರೆ ಗ್ರಾಹಕ ದೂರವಾಗುತ್ತಾನೆ, ಏರಿಸದಿದ್ದರೆ ಲಾಭ ಕರಗುತ್ತದೆ. ಚಿಪ್ಪುಗಳ ಪೂರೈಕೆಯನ್ನು ಭದ್ರಪಡಿಸಿಕೊಳ್ಳಲು ಆಮ್‌ಸ್ಟ್ರಾಡ್ ಅಮೆರಿಕದ ಮೈಕ್ರಾನ್ ಟೆಕ್ನಾಲಜಿ ಕಂಪನಿಯ ಒಂದು ಪಾಲು ಷೇರುಗಳನ್ನೇ ಕೊಳ್ಳಬೇಕಾಯಿತು.

ಎರಡನೆಯ ಪೆಟ್ಟು ಇನ್ನೂ ಭಾರವಾದುದು. 1988ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಪಿಸಿ 2000 ಸರಣಿಯು ದೊಡ್ಡ ಕಚೇರಿಗಳನ್ನು ಗುರಿಯಾಗಿಟ್ಟುಕೊಂಡಿತ್ತು. ಮಾರುಕಟ್ಟೆಗೆ ಬಂದ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಕೆಡತೊಡಗಿತು. ಮನೆಯಲ್ಲಿ ಆಟವಾಡುವ ಕಂಪ್ಯೂಟರ್ ಕೆಟ್ಟರೆ ಬೇಸರ. ಕಚೇರಿಯ ಹಾರ್ಡ್ ಡಿಸ್ಕ್ ಕೆಟ್ಟರೆ ಲೆಕ್ಕಪತ್ರಗಳೇ ಮಾಯ. ಆಮ್‌ಸ್ಟ್ರಾಡ್ ಯಂತ್ರಗಳನ್ನು ಹಿಂದಕ್ಕೆ ಪಡೆದು, ಬೇರೆ ಡಿಸ್ಕ್‌ಗಳನ್ನು ಅಳವಡಿಸಿಕೊಡಬೇಕಾಯಿತು. ಈ ಅವಧಿಯಲ್ಲಿ ಮಾರಾಟ ಕುಂಠಿತವಾಗಿ ದಾಸ್ತಾನು ಬೆಳೆಯಿತು. ಅದೇ ವೇಳೆಗೆ ಏಷ್ಯಾದಿಂದ ಬಂದ ಐಬಿಎಂ ಮಾದರಿಯ ಯಂತ್ರಗಳ ಬೆಲೆಯೂ ಇಳಿಯುತ್ತಿದ್ದುದರಿಂದ, ಆಮ್‌ಸ್ಟ್ರಾಡ್‌ಗಿದ್ದ ಬೆಲೆಯ ಅನುಕೂಲವೂ ಕಿರಿದಾಗುತ್ತಿತ್ತು.

ನ್ಯಾಯಾಲಯದಲ್ಲಿ ಗೆಲುವು, ಮಾರುಕಟ್ಟೆಯಲ್ಲಿ ಸೋಲು

ಹಾರ್ಡ್ ಡಿಸ್ಕ್‌ಗಳನ್ನು ಪೂರೈಸಿದ್ದ ಅಮೆರಿಕದ ಸೀಗೇಟ್ ಕಂಪನಿಯ ವಿರುದ್ಧ ಆಮ್‌ಸ್ಟ್ರಾಡ್ ದಾವೆ ಹೂಡಿತು. ಸೀಗೇಟ್ ಹೊಣೆಯನ್ನು ಒಪ್ಪಲಿಲ್ಲ. 1997ರಲ್ಲಿ ಲಂಡನ್ನಿನ ನ್ಯಾಯಾಲಯವು ಆಮ್‌ಸ್ಟ್ರಾಡ್ ಪರವಾಗಿ ತೀರ್ಪಿತ್ತು, ಸುಮಾರು 9.3 ಕೋಟಿ ಡಾಲರ್ ಪರಿಹಾರವನ್ನೂ ಅದರ ಮೇಲೆ ಬಡ್ಡಿಯನ್ನೂ ನೀಡುವಂತೆ ಆದೇಶಿಸಿತು.

ದೋಷ ತನ್ನದಲ್ಲವೆಂದು ಕಂಪನಿಯು ಹೀಗೆ ಸಾಬೀತುಪಡಿಸಿದರೂ, ಆ ವೇಳೆಗೆ ಎಂಟು ವರ್ಷಗಳು ಕಳೆದಿದ್ದವು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಯುರೋಪಿನ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಆಮ್‌ಸ್ಟ್ರಾಡ್‌ಗಿದ್ದ ಅಗ್ರಸ್ಥಾನ ಮರಳಿ ಬರಲಿಲ್ಲ. ಯಂತ್ರದ ಮೇಲೆ ಇದ್ದ ಹೆಸರು ಆಮ್‌ಸ್ಟ್ರಾಡ್. ಗ್ರಾಹಕನು ಆ ಹೆಸರನ್ನು ದೂರಿದನೇ ಹೊರತು ಒಳಗಿದ್ದ ಡಿಸ್ಕಿನ ಹೆಸರನ್ನಲ್ಲ. ಬಿಡಿಭಾಗವನ್ನು ಪೂರೈಸಿದವನು ಕೊಡುವ ಖಾತರಿಯು ಭಾಗದ ಬೆಲೆಯನ್ನು ಮರಳಿ ಕೊಡಬಹುದು; ಕಳೆದುಹೋದ ಗ್ರಾಹಕನನ್ನು ಮರಳಿ ಕೊಡಲಾರದು.

ನಂತರದ ಪ್ರಯತ್ನಗಳೂ ಹೆಚ್ಚು ಫಲ ನೀಡಲಿಲ್ಲ. 1990ರಲ್ಲಿ ಬಂದ ಜಿಎಕ್ಸ್ 4000 ಎಂಬ ವಿಡಿಯೊ ಆಟದ ಯಂತ್ರವೂ, 1993ರಲ್ಲಿ ಬಂದ ಪೆನ್‌ಪ್ಯಾಡ್ ಎಂಬ ಕೈಯಲ್ಲಿ ಹಿಡಿಯುವ ಕಂಪ್ಯೂಟರೂ ಸೋತವು. 1992ರಲ್ಲಿ ಕಂಪನಿಯು ಭಾರಿ ನಷ್ಟವನ್ನು ಪ್ರಕಟಿಸಿತು. ಅದೇ ವರ್ಷದ ಕೊನೆಗೆ, ಪ್ರತಿ ಷೇರಿಗೆ 30 ಪೆನ್ಸ್‌ನಂತೆ ಕೊಟ್ಟು ಕಂಪನಿಯನ್ನು ಖಾಸಗಿಯಾಗಿ ಹಿಂದಕ್ಕೆ ಪಡೆಯಲು ಶುಗರ್ ಮಾಡಿದ ಪ್ರಸ್ತಾಪವನ್ನು ಷೇರುದಾರರು ತಿರಸ್ಕರಿಸಿದರು. 1997ರಲ್ಲಿ ಮೂಲ ಕಂಪನಿಯನ್ನು ವಿಭಜಿಸಿ, ಷೇರುದಾರರಿಗೆ ವಿಗ್ಲೆನ್ ಮತ್ತು ಬೆಟಾಕಾಮ್ ಎಂಬ ಎರಡು ಕಂಪನಿಗಳ ಷೇರುಗಳನ್ನು ಹಂಚಲಾಯಿತು. ಬೆಟಾಕಾಮ್ ಮುಂದೆ ಆಮ್‌ಸ್ಟ್ರಾಡ್ ಎಂಬ ಹೆಸರನ್ನು ಪಡೆಯಿತು.

ಒಬ್ಬನೇ ಗಿರಾಕಿ

ಕಂಪ್ಯೂಟರ್ ವ್ಯವಹಾರ ಕುಸಿಯುತ್ತಿದ್ದ ಕಾಲದಲ್ಲಿಯೇ ಆಮ್‌ಸ್ಟ್ರಾಡ್‌ಗೆ ಆಸರೆಯಾದದ್ದು ಉಪಗ್ರಹ ಟೆಲಿವಿಷನ್. 1989ರ ಫೆಬ್ರವರಿಯಲ್ಲಿ ಸ್ಕೈ ಟೆಲಿವಿಷನ್ ಬ್ರಿಟನ್ನಿನಲ್ಲಿ ಪ್ರಸಾರ ಆರಂಭಿಸಿದಾಗ, ಅದರ ಡಿಶ್ ಮತ್ತು ರಿಸೀವರ್‌ಗಳನ್ನು ತಯಾರಿಸಿ ಕೊಡುತ್ತಿದ್ದ ಏಕೈಕ ಕಂಪನಿ ಆಮ್‌ಸ್ಟ್ರಾಡ್ ಆಗಿತ್ತು. ಜನಸಾಮಾನ್ಯರು ಕೊಳ್ಳಬಹುದಾದ ಬೆಲೆಯನ್ನು ಮೊದಲು ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಯಂತ್ರವನ್ನು ರೂಪಿಸುವ ಹಳೆಯ ಕ್ರಮ ಇಲ್ಲಿಯೂ ಫಲಿಸಿತು.

2000ನೇ ಇಸವಿಯಲ್ಲಿ ಕಂಪನಿಯು ಇ-ಮೇಲರ್ ಎಂಬ ದೂರವಾಣಿಯನ್ನು ತಂದಿತು. ಪುಟ್ಟ ಪರದೆಯುಳ್ಳ ಈ ಯಂತ್ರದಿಂದ ಕಂಪ್ಯೂಟರ್ ಇಲ್ಲದೆಯೇ ಇ-ಮೇಲ್ ಕಳುಹಿಸಬಹುದಾಗಿತ್ತು. ಇದರ ಬೆಲೆ ಸುಮಾರು 80 ಪೌಂಡ್, ಅಂದರೆ ತಯಾರಿಕಾ ವೆಚ್ಚಕ್ಕಿಂತ ಕಡಿಮೆ. ಮುಂದೆ ಕರೆಗಳ ಶುಲ್ಕದಿಂದಲೂ ಪರದೆಯ ಜಾಹೀರಾತುಗಳಿಂದಲೂ ಲಾಭ ಬರುವುದೆಂಬ ನಿರೀಕ್ಷೆಯಿತ್ತು. ಮುಚ್ಚಳದ ಕಾಲದಿಂದ ಅನುಸರಿಸಿದ ನೀತಿಗೆ ಇದು ವಿರುದ್ಧವಾದುದು. ಅಲ್ಲಿ ಮಾರಿದ ಪ್ರತಿಯೊಂದು ವಸ್ತುವಿನಲ್ಲಿಯೂ ಲಾಭವಿತ್ತು. ಇಲ್ಲಿ ಪ್ರತಿಯೊಂದರಲ್ಲಿಯೂ ನಷ್ಟವಿತ್ತು, ಲಾಭ ಭವಿಷ್ಯದಲ್ಲಿತ್ತು. ಮನೆಗಳಲ್ಲಿ ಕಂಪ್ಯೂಟರ್, ಕೈಗಳಲ್ಲಿ ಮೊಬೈಲ್ ಹೆಚ್ಚುತ್ತಿದ್ದ ಆ ದಿನಗಳಲ್ಲಿ ಈ ಯಂತ್ರ ಕಂಪನಿಗೆ ಹೊರೆಯಾಯಿತು.

ಕ್ರಮೇಣ ಕಂಪನಿಯ ವಹಿವಾಟು ಸ್ಕೈಗಾಗಿ ತಯಾರಿಸುವ ಸೆಟ್‌ಟಾಪ್ ಬಾಕ್ಸ್‌ಗಳ ಮೇಲೆಯೇ ನಿಂತಿತು. 2007ರ ವೇಳೆಗೆ ಒಟ್ಟು ಮಾರಾಟದ ಸುಮಾರು ಶೇ. 75ರಷ್ಟು ಈ ಒಂದೇ ಗಿರಾಕಿಯಿಂದ ಬರುತ್ತಿತ್ತು. ಮುಕ್ಕಾಲು ಪಾಲು ಮಾಲನ್ನು ಒಬ್ಬನೇ ಕೊಳ್ಳುವಾಗ ಬೆಲೆಯನ್ನು ನಿರ್ಧರಿಸುವವನು ಅವನೇ. 2007ರ ಜುಲೈನಲ್ಲಿ ಬಿಸ್ಕೈಬಿ ಕಂಪನಿಯು ಆಮ್‌ಸ್ಟ್ರಾಡನ್ನು ಸುಮಾರು 12.5 ಕೋಟಿ ಪೌಂಡ್‌ಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2008ರ ಜುಲೈನಲ್ಲಿ ಶುಗರ್ ಅಧ್ಯಕ್ಷ ಸ್ಥಾನದಿಂದ ನಿರ್ಗಮಿಸಿದರು. 2024ರಲ್ಲಿ ಆಮ್‌ಸ್ಟ್ರಾಡ್ ಎಂಬ ಹೆಸರು ಸ್ಕೈ ಕಂಪನಿಯಿಂದ ಮರಳಿ ಸಂಸ್ಥಾಪಕರ ಕುಟುಂಬಕ್ಕೆ ಬಂದಿತು. ಆದರೆ ಅದನ್ನು ಬಳಸಿಕೊಂಡದ್ದು ಡಿಜಿಟಲ್ ಜಾಹೀರಾತು ಸೇವೆಗಾಗಿ, ಎಲೆಕ್ಟ್ರಾನಿಕ್ಸ್ ವಸ್ತುಗಳಿಗಾಗಿ ಅಲ್ಲ.

ಉದ್ದಿಮೆದಾರರು ಗಮನಿಸಬೇಕಾದುದು

ಆಮ್‌ಸ್ಟ್ರಾಡ್‌ನ ಇತಿಹಾಸವನ್ನು ಕೇವಲ ಒಬ್ಬ ಸಾಹಸಿಯ ಕಥೆಯೆಂದು ಓದಿದರೆ ಅದರ ಉಪಯೋಗ ಅಲ್ಪ. ಕಡಿಮೆ ಬೆಲೆಯ ವ್ಯಾಪಾರಕ್ಕೆ ಇರುವ ಬಲವೂ ಅದರ ಮಿತಿಯೂ ಇದರಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

ಬಲವಿರುವುದು ಲೆಕ್ಕದ ದಿಕ್ಕಿನಲ್ಲಿ. ವೆಚ್ಚಕ್ಕೆ ಲಾಭವನ್ನು ಕೂಡಿಸಿ ಬೆಲೆ ಹೇಳುವುದು ರೂಢಿಯ ಕ್ರಮ. ಗ್ರಾಹಕನು ಕೊಡಬಲ್ಲ ಬೆಲೆಯಿಂದ ಆರಂಭಿಸಿ, ಅಂಗಡಿಯವನ ಪಾಲನ್ನೂ ತನ್ನ ಲಾಭವನ್ನೂ ಕಳೆದು, ಉಳಿದ ಮೊತ್ತದಲ್ಲಿ ವಸ್ತುವನ್ನು ರೂಪಿಸುವುದು ಆಮ್‌ಸ್ಟ್ರಾಡ್ ಕ್ರಮ. ಈ ಲೆಕ್ಕಕ್ಕೆ ದೊಡ್ಡ ಬಂಡವಾಳಕ್ಕಿಂತ ಮುಖ್ಯವಾಗಿ ಬೇಕಾದುದು ಗ್ರಾಹಕನ ಬಗೆಗಿನ ತಿಳಿವಳಿಕೆ. ಯಾವ ಸೌಲಭ್ಯಕ್ಕೆ ಅವನು ಹಣ ಕೊಡುತ್ತಾನೆ, ಯಾವುದನ್ನು ಕೈಬಿಟ್ಟರೆ ಅವನಿಗೆ ಕೊರತೆಯೆನಿಸದು ಎಂಬುದನ್ನು ಅಂಗಡಿಯ ಮುಂಗಟ್ಟೆಯಲ್ಲಿ ನಿಂತ ವರ್ತಕನು ಬೇರೆ ಯಾರಿಗಿಂತಲೂ ಚೆನ್ನಾಗಿ ಬಲ್ಲನು. ತಯಾರಿಕೆಗೆ ಇಳಿಯಬಯಸುವ ವರ್ತಕನಿಗೆ ಅವನ ಈ ಅನುಭವವೇ ಮೊದಲ ಬಂಡವಾಳ.

ಮಿತಿಯಿರುವುದು ಪರಾವಲಂಬನೆಯಲ್ಲಿ. ಬೆಲೆಯನ್ನು ಅಂಚಿಗೆ ತಂದು ನಿಲ್ಲಿಸಿದ ಉದ್ದಿಮೆಯಲ್ಲಿ ಅನಿರೀಕ್ಷಿತ ಹಾನಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಚಿಪ್ಪಿನ ಬೆಲೆ ಏರಿದಾಗ, ಡಿಸ್ಕ್ ಕೆಟ್ಟಾಗ, ಏಕೈಕ ಗಿರಾಕಿ ಬೆಲೆಯನ್ನು ಹಿಡಿದು ಜಗ್ಗಿದಾಗ ಅದು ಬಳಲುತ್ತದೆ. ಆದ್ದರಿಂದ ವಿನ್ಯಾಸದಲ್ಲಿ ಉಳಿಸಿದ ಪ್ರತಿ ರೂಪಾಯಿಯಲ್ಲಿ ಒಂದು ಪಾಲನ್ನು ಬೆಲೆ ಇಳಿಸಲು ಬಳಸದೆ, ಮುಖ್ಯ ಬಿಡಿಭಾಗಗಳ ಪರೀಕ್ಷೆಗೂ, ಪೂರೈಕೆಗೆ ಇನ್ನೊಂದು ಮೂಲವನ್ನು ಸಿದ್ಧವಾಗಿಟ್ಟುಕೊಳ್ಳುವುದಕ್ಕೂ, ಮಾರಾಟಾನಂತರದ ದುರಸ್ತಿಗೂ ಮೀಸಲಿಡುವುದು ವಿವೇಕ. ಅಗ್ಗದ ವಸ್ತುವನ್ನು ಕೊಂಡ ಗ್ರಾಹಕನು ಅದು ಸರಳವಾಗಿರುವುದನ್ನು ಕ್ಷಮಿಸುತ್ತಾನೆ. ಅದು ಕೆಟ್ಟುಹೋಗುವುದನ್ನು ಕ್ಷಮಿಸುವುದಿಲ್ಲ.

ಇಂದಿನ ಬಹುತೇಕ ಸಣ್ಣ ತಯಾರಕರು ಬೇರೆಯವರ ಬಿಡಿಭಾಗಗಳನ್ನು ತಂದು ಜೋಡಿಸಿ, ತಮ್ಮ ಹೆಸರಿನಲ್ಲಿ ಮಾರುವವರೇ ಆಗಿದ್ದಾರೆ. ಚಾರ್ಜರ್ ಇರಲಿ, ಎಲ್‌ಇಡಿ ದೀಪವಿರಲಿ, ಸ್ಪೀಕರ್ ಇರಲಿ, ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರೇ ಗ್ರಾಹಕನಿಗೆ ಜವಾಬ್ದಾರ. ಬಿಡಿಭಾಗದ ಪೂರೈಕೆದಾರನನ್ನು ಆಯ್ದುಕೊಳ್ಳುವಾಗ ಉಳಿಯುವ ಕೆಲವು ರೂಪಾಯಿಗಳನ್ನು ಲೆಕ್ಕ ಹಾಕುವ ಮೊದಲು, ಆ ಭಾಗ ಕೆಟ್ಟರೆ ಮಾಲನ್ನು ಹಿಂದಕ್ಕೆ ಪಡೆಯಲು ತಗಲುವ ವೆಚ್ಚವನ್ನೂ ಲೆಕ್ಕದಲ್ಲಿ ಬರೆದುಕೊಳ್ಳುವುದು ಲೇಸು.